ಕತ್ತರಿಯಪ್ಪ, ಕಸೂತಿಯಮ್ಮ

ಜೂನ್ ೨

ಪ್ರೀತಿಯ ಅಕ್ಕ,

ಲಕೋಟೆ ದಪ್ಪಗಿದೆಯೆಂದು ಗಾಬರಿಯಾಗಬೇಡ. ನನ್ನ ಕಾಗದ ಒಂದೇ ಹಾಳೆ. ಉಳಿದದ್ದು ಎರಡು ಕತೆಗಳು. ಇಂಗ್ಲಿಷಿನಿಂದ ನಿನಗೋಸ್ಕರವೇ ನಮ್ಮ ಭಾಷೆಗೆ ಇಳಿಸಿದ್ದೇನೆ. ಹಾಸ್ಟೆಲಿನ ಟ್ಯೂಬ್‌ಲೈಟು ಕಣ್ಣು ಹೊಡೆಯುತ್ತಲೇ ಇರುವುದರಿಂದ ಅಕ್ಷರ ಕುಣಿದಿದ್ದರೆ ಸಹಿಸಿಕೋ.

ನನ್ನ ಪ್ರಬಂಧದ ಹೆಸರು ಕೇಳಿದರೆ ನಿನಗೆ ಆಕಳಿಕೆ ಬರುತ್ತದೆ: ‘ಇಬ್ಬರು ಆಧುನಿಕ ಅಮೆರಿಕನ್ ಸಣ್ಣಕತೆಗಾರರಲ್ಲಿ ಸಂಕೇತ ಮತ್ತು ಶೈಲಿ: ಒಂದು ಹೋಲಿಕೆ.’ ಒಬ್ಬ ಎಲ್ಲವನ್ನೂ ಬಿಟ್ಟುಬಿಡುತ್ತಾನೆ, ಇನ್ನೊಬ್ಬಳು ಏನನ್ನೂ ಬಿಡುವುದಿಲ್ಲ. ಇಷ್ಟನ್ನೇ ಮುನ್ನೂರು ಪುಟ ಎಳೆಯಬೇಕು. ನಿನ್ನೆ ಮೇಷ್ಟ್ರು ನನ್ನ ಮೂರನೇ ಅಧ್ಯಾಯವನ್ನು ಮೇಜಿನ ಮೇಲೆ ತಳ್ಳಿ, “ಇದರಲ್ಲಿ ಎಲ್ಲಾ ಇದೆ ಕಣಮ್ಮ, ಕತೆ ಓದಿದವರೊಬ್ಬರು ಬಿಟ್ಟು” ಅಂದರು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ. ಆಮೇಲೆ ನೀನು ನೆನಪಾದೆ. ನಾನು ಕಂಡ ಓದುಗರಲ್ಲಿ ಪುಸ್ತಕವನ್ನು ಹೊಲಿಗೆ ಮಿಷನ್ನಿಗೆ ಒರಗಿಸಿಕೊಂಡು ಓದಿದವಳು ನೀನೊಬ್ಬಳೇ. ಓದಿ ನಿನಗೆ ಅನ್ನಿಸಿದ್ದನ್ನು ಬರೆ. ಏನು ಬೇಕಾದರೂ.

ಸೆಪ್ಟೆಂಬರ್ ಮೂವತ್ತರೊಳಗೆ ಒಪ್ಪಿಸದಿದ್ದರೆ ನನ್ನ ಹೆಸರನ್ನು ಪಟ್ಟಿಯಿಂದಲೇ ತೆಗೆಯುತ್ತಾರೆ. ಅಪ್ಪ ಹೋದಾಗ ಬಂದು ಆರು ತಿಂಗಳು ನಿನ್ನ ಜೊತೆ ಕೂತೆನಲ್ಲ, ಆಗ ಸಿಕ್ಕ ಹೆಚ್ಚಿನ ಅವಧಿಯೇ ಕೊನೆಯದು. ಇನ್ನು ಬಾಗಿಲು ಬಡಿದರೂ ತೆಗೆಯುವುದಿಲ್ಲ.

ಭಾವನವರಿಗೆ ನಮಸ್ಕಾರ. ಯಾವ ಕಟ್ಟಡದ ಲಿಫ್ಟ್ ರಿಪೇರಿಯಲ್ಲಿ ಸಿಕ್ಕಿಹಾಕಿಕೊಂಡಿದ್ದಾರೋ!

ನಿನ್ನ
ಚೂಟಿ


ಜೂನ್ ೧೪

ಚೂಟಿಗೆ ಆಶೀರ್ವಾದಗಳು.

ಎರಡೂ ಕತೆ ಓದಿದೆ. ನಿನ್ನ ಅಮೆರಿಕದವರ ಹೆಸರು ನನ್ನ ಬಾಯಿಗೆ ಹೊರಳುವುದಿಲ್ಲ. ಅದಕ್ಕೆ ನಾನೇ ಹೆಸರಿಟ್ಟಿದ್ದೇನೆ. ಅವನು ಕತ್ತರಿಯಪ್ಪ, ಅವಳು ಕಸೂತಿಯಮ್ಮ.

ಕಸೂತಿಯಮ್ಮನ ವಿಷಯ ಮೊದಲು. ಸತ್ತ ಗಂಡನ ಹಸಿರು ಕೋಟು, ಅದರ ಬಿದ್ದುಹೋದ ಗುಂಡಿ, ನಿಂತ ಗಡಿಯಾರ, ಒಡೆದ ಹೂದಾನಿ, ಕಿಟಕಿಗೆ ಬಡಿದುಕೊಳ್ಳುವ ಹಕ್ಕಿ. ಅಬ್ಬಬ್ಬಾ! ಆ ಮನೆಯಲ್ಲಿ ಕಾಲಿಡಲು ಜಾಗವಿಲ್ಲ. ನೂರ ಹನ್ನೆರಡು ಸಲ ಆ ಗುಂಡಿ ಎಲ್ಲಿ ಹೋಯಿತು ಅಂತ ಅಳುತ್ತಾಳಲ್ಲ, ನನ್ನ ಡಬ್ಬಿಯಲ್ಲಿ ಆ ಬಣ್ಣದವು ಆರು ಬಿದ್ದಿವೆ, ಕಳಿಸಿಕೊಡಲೇ? ಆದರೂ ಕೊನೆಗೆ ಅವಳು ಆ ಕೋಟನ್ನು ತಾನೇ ಹಾಕಿಕೊಂಡು ಮಲಗಿದಾಗ ನಾನು ಮಿಷನ್ ನಿಲ್ಲಿಸಿ ಆ ಪುಟವನ್ನು ಮತ್ತೆ ಓದಿದೆ. ಅಷ್ಟು ಕಸೂತಿಯ ಕೆಳಗೆ ಬಟ್ಟೆ ಗಟ್ಟಿಯಾಗಿಯೇ ಇದೆ.

ಕತ್ತರಿಯಪ್ಪ ನನ್ನವನು. ಗಂಡ ಇಡೀ ಸಂಜೆ ನಲ್ಲಿ ರಿಪೇರಿ ಮಾಡುತ್ತಾನೆ, ಹೆಂಡತಿ ಪಾತ್ರೆ ತೊಳೆಯುತ್ತಾಳೆ, ಅಷ್ಟೇ ತಾನೇ ಕತೆ? ಆದರೆ ಉಂಡವರು ಇಬ್ಬರು, ತೊಳೆದದ್ದು ಮೂರು ತಟ್ಟೆ, ಮೂರನೆಯದು ಚಿಕ್ಕದು. ಮಗುವಿನ ಮಾತೇ ಎತ್ತುವುದಿಲ್ಲ ಅವನು. ಒಳ್ಳೆಯ ಅಂಗಿಯಲ್ಲಿ ಹೊಲಿಗೆಯ ಒಳಗೆ ಒಂದಿಷ್ಟು ಬಟ್ಟೆ ಬಿಟ್ಟಿರುತ್ತೇವೆ. ಹೊರಗೆ ಕಾಣುವುದಿಲ್ಲ, ಆದರೆ ಅದಿಲ್ಲದಿದ್ದರೆ ಹೊಲಿಗೆ ನಿಲ್ಲುವುದಿಲ್ಲ. ಇವನೂ ಹಾಗೆ ಬಿಟ್ಟಿದ್ದಾನೆ.

ಇನ್ನೊಂದು ಹೇಳುತ್ತೇನೆ, ನಿನ್ನ ಮೇಷ್ಟ್ರಿಗೆ ಹಿಡಿಸುತ್ತದೋ ಇಲ್ಲವೋ. ಅವನ ಕತೆಯಲ್ಲಿ ಇಬ್ಬರೂ ಇನ್ನೊಬ್ಬರು ಕೇಳಲಿ ಅಂತ ಕಾಯುತ್ತಿದ್ದಾರೆ. “ನಿನಗೇನಾಗಿದೆ?” ಅಂತ ಒಂದು ಮಾತು. ಯಾರೂ ಕೇಳುವುದಿಲ್ಲ. ನಲ್ಲಿ ಮಾತ್ರ ಸರಿಹೋಗುತ್ತದೆ.

ಅಂಗಡಿಯಲ್ಲಿ ಶಾಲೆಯ ಸಮವಸ್ತ್ರಗಳ ಹಾವಳಿ. ಬೇರೆ ವಿಶೇಷವಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಅಕ್ಕ


ಜೂನ್ ೧೪, ಸಂಜೆ

ಚೂಟಿ,

ಬೆಳಿಗ್ಗೆ ಬರೆದದ್ದನ್ನು ಅಂಚೆ ಡಬ್ಬಕ್ಕೆ ಹಾಕಿ ಬಂದೆ. ಇದನ್ನು ಹಾಕುವುದಿಲ್ಲ. ಬರೆಯದಿದ್ದರೆ ಎದೆ ಒಡೆದುಹೋದೀತೆಂದು ಬರೆಯುತ್ತಿದ್ದೇನೆ, ಅಷ್ಟೇ.

ನನ್ನ ಎಡ ಎದೆಯಲ್ಲಿ ಗಂಟು ಇದೆ. ಮೂರು ತಿಂಗಳ ಹಿಂದೆ ಕಡಲೆಕಾಳಷ್ಟಿತ್ತು. ಈಗ ಕೋಟಿನ ಗುಂಡಿಯಷ್ಟಾಗಿದೆ. ದಿನಾ ಊರ ಹೆಂಗಸರ ಅಳತೆ ತೆಗೆಯುವವಳು ನನ್ನ ಅಳತೆ ತೆಗೆದುಕೊಂಡು ಎಷ್ಟು ವರ್ಷವಾಗಿತ್ತೋ. ಟೇಪು ಹಿಡಿದಾಗಲೇ ಎಡಕ್ಕೂ ಬಲಕ್ಕೂ ವ್ಯತ್ಯಾಸ ತಿಳಿದದ್ದು. ನಿನ್ನೆ ಡಾಕ್ಟರಮ್ಮ ಮುಟ್ಟಿ ನೋಡಿ, “ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸೋಣ. ಇಷ್ಟು ದಿನ ಯಾಕೆ ಸುಮ್ಮನಿದ್ರಿ?” ಅಂದರು. ಯಾಕೆ ಸುಮ್ಮನಿದ್ದೆ ಅಂತ ನನಗೇ ಗೊತ್ತಿಲ್ಲ. ಗಿರಾಕಿಗಳ ಬಟ್ಟೆ ಒಪ್ಪಿಸಬೇಕಿತ್ತು.

ನಿನ್ನ ಭಾವನಿಗೆ ಹೇಳಿದೆ. ಎದ್ದು ಹೋಗಿ ನನ್ನ ಮಿಷನ್ನಿಗೆ ಎಣ್ಣೆ ಬಿಟ್ಟರು. ಎಣ್ಣೆ ಬಿಟ್ಟು ಒಂದು ವಾರವೂ ಆಗಿರಲಿಲ್ಲ.

ನನಗೆ ಹೆದರಿಕೆಯಾಗುತ್ತಿದೆ ಕಣೇ. ನೀನು ಬೇಕು. ಅಮ್ಮ ಇಲ್ಲದ ಮನೆಯಲ್ಲಿ ನಿನ್ನ ಜಡೆ ಹೆಣೆದು, ಮೂಗು ಒರೆಸಿ ಬೆಳೆಸಿದವಳು ನಾನು. ಈಗ ನನಗೇ ಯಾರಾದರೂ ತಲೆ ನೇವರಿಸಲಿ ಅನ್ನಿಸುತ್ತಿದೆ. ಆದರೆ ಕರೆದರೆ ನೀನು ಆ ಕ್ಷಣವೇ ಗಾಡಿ ಹತ್ತುತ್ತೀಯ, ನಿನ್ನ ಮೂರು ವರ್ಷ ನೀರುಪಾಲಾಗುತ್ತದೆ. ಅಪ್ಪನ ಸಾವಿಗೆ ಒಂದು ಸಲ ನಿನ್ನನ್ನು ಎಳೆದುಕೊಂಡದ್ದು ಸಾಕು. ನಾನು ಹೇಳುವುದಿಲ್ಲ. ನೀನಾಗಿ ಕೇಳಿದರೆ ಸುಳ್ಳು ಹೇಳುವುದೂ ಇಲ್ಲ, ಅದೊಂದು ನಿಯಮ ಇಟ್ಟುಕೊಂಡಿದ್ದೇನೆ.

ಈ ಹಾಳೆ ಮಿಷನ್ನಿನ ಡ್ರಾಯರಿಗೆ.


ಜೂನ್ ೨೮

ನನ್ನ ಬಂಗಾರದ ಅಕ್ಕ,

ನೀನು ನನ್ನ ಮಾನ ಉಳಿಸಿದೆ! ಹೊಲಿಗೆಯ ಒಳಗಿನ ಬಟ್ಟೆಯ ಮಾತನ್ನು ಅಧ್ಯಾಯದ ಮೊದಲಿಗೇ ಇಟ್ಟೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದರು. “ಇದು ಯಾರ ಮಾತು?” ಅಂದರು. “ನಮ್ಮಕ್ಕಂದು, ಟೈಲರು” ಅಂದೆ. “ನಿನ್ನ ಬದಲು ಅವರನ್ನೇ ಸೇರಿಸ್ಕೋಬೇಕಿತ್ತು” ಅಂದರು. ಬೈದದ್ದೋ ಹೊಗಳಿದ್ದೋ, ನನ್ನ ಕಾಲಂತೂ ನೆಲದ ಮೇಲೆ ನಿಲ್ಲಲಿಲ್ಲ.

ನೂರ ಹನ್ನೆರಡು ಸಲ ಗುಂಡಿಗೆ ಅಳುವುದಿಲ್ಲ ಮಾರಾಯ್ತಿ, ಒಂಬತ್ತು ಸಲ. ಎಣಿಸಿದ್ದೇನೆ. ಎಣಿಸುವುದೇ ನನ್ನ ಕೆಲಸವಾಗಿದೆ. ಮೇಷ್ಟ್ರ ಪಾಠ ಒಂದೇ: ಕತೆಯಲ್ಲಿ ಯಾವುದೂ ಸುಮ್ಮನೆ ಬರುವುದಿಲ್ಲ. ಈಗ ನನಗೆ ರೋಗ ಹತ್ತಿದೆ. ಹಾಸ್ಟೆಲಿನ ಅಡುಗೆಯವಳು ಎರಡು ಸೌಟು ಅಡ್ಡಡ್ಡ ಇಟ್ಟರೂ ಇದೇನಿರಬಹುದು ಎಂದು ಯೋಚಿಸುತ್ತೇನೆ.

ನನಗೊಂದು ಆಸೆ. ಮುಂದಿನ ಕಾಗದವನ್ನು ನೀನು ಕತ್ತರಿಯಪ್ಪನ ಹಾಗೆ ಬರೆ. ನಿನ್ನ ಮನೆ, ನಿನ್ನ ದಿನ. ಏನನ್ನೂ ವಿವರಿಸಬೇಡ, ಯಾಕೆ ಎಂದು ಹೇಳಬೇಡ. ಕಂಡದ್ದನ್ನಷ್ಟೇ ಬರೆ. ಉಳಿದದ್ದನ್ನು ನಾನು ಓದಿಕೊಳ್ಳುತ್ತೇನೆ. ನನ್ನ ಓದಿಗೂ ಒಂದು ಪರೀಕ್ಷೆಯಾಗುತ್ತದೆ.

ನಿನ್ನ
ಚೂಟಿ


ಜುಲೈ ೧೯

ಚೂಟಿಗೆ,

ತಡವಾಯಿತು. ನೀನು ಕೇಳಿದ ಹಾಗೆ ಬರೆದಿದ್ದೇನೆ. ಮಾರ್ಕು ಹಾಕು.

ನನ್ನ ನಾಲ್ಕು ಅಂಗಿಗಳ ಎಡಭಾಗ ಬಿಚ್ಚಿದೆ. ಟಕ್ಸ್ ಮಡಿಕೆ ತೆಗೆದು ಚಪ್ಪಟೆಯಾಗಿ ನೇರಕ್ಕೆ ಹೊಲಿದೆ. ಬಲಭಾಗ ಹಾಗೆಯೇ ಇದೆ.

ನಿನ್ನ ಭಾವ ಈಗ ನಡುಮನೆಯಲ್ಲಿ ನೆಲದ ಮೇಲೆ ಮಲಗುತ್ತಾರೆ. ಮಂಚ ನನಗೊಬ್ಬಳಿಗೇ.

ಸಂಜೆ ಬೇರೆಯವರ ಪಾಳಿಯನ್ನೂ ಅವರೇ ಮಾಡುತ್ತಾರೆ. ಆಗಸ್ಟಿನಲ್ಲಿ ರಜೆ ಬೇಕಂತೆ. ಮನೆಗೆ ಬಂದು ಕೈ ತೊಳೆದುಕೊಂಡು ಬಾಗಿಲಲ್ಲಿ ನಿಂತು ನನ್ನನ್ನು ನೋಡುತ್ತಾರೆ. ನಾನು ದಾರ ಪೋಣಿಸುತ್ತೇನೆ.

ಅಂಗಡಿಯಿಂದ ತಂದ ನಿಲುಗನ್ನಡಿಯನ್ನು ಗೋಡೆಯ ಕಡೆ ತಿರುಗಿಸಿದೆವು. ಅದರ ಹಿಂಬದಿಯಲ್ಲಿ ಜೇಡವೊಂದು ಮನೆ ಕಟ್ಟಿತ್ತು.

ನೀನು ಈಗ ಬರಬೇಡ. ಕೆಲಸ ಮುಗಿಸು.

ಅಕ್ಕ


ಆಗಸ್ಟ್ ೧

ಅಕ್ಕ,

ನಿನ್ನ ಕಾಗದವನ್ನು ಮತ್ತೆ ಮತ್ತೆ ಓದಿದೆ. ಮೊದಲ ಸಲ ಓದಿದಾಗ ಎಂಥ ಚಂದ ಬರೆದಿದ್ದಾಳೆ ಎಂದು ಕುಣಿದೆ. ಗೆಳತಿಯರಿಗೆ ಓದಿ ಹೇಳಿದೆ. ಮೂರನೆಯ ಸಲಕ್ಕೆ ಅರ್ಥವಾಯಿತು.

ನೀನು ನನಗೆ ಏನು ಹೇಳುತ್ತಿದ್ದೀಯೆಂದು ನಾನು ಕಂಡುಹಿಡಿಯಲಾರೆನೇ? ಎಡಭಾಗವೆಂದರೆ ಹೃದಯದ ಭಾಗ. ಅದನ್ನು ಬಿಚ್ಚಿ ಚಪ್ಪಟೆಯಾಗಿ ಹೊಲಿದೆ, ಅಂದರೆ ಅಲ್ಲಿ ಈಗ ಏನೂ ಉಳಿದಿಲ್ಲ. ಭಾವ ಬೇರೆ ಮಲಗುತ್ತಾರೆ. ಸಂಜೆ ಮನೆಗಿರುವುದಿಲ್ಲ, ಪಾಳಿಯ ನೆಪ. ಬಂದರೂ ಕೈ ತೊಳೆದುಕೊಂಡು ಬರುತ್ತಾರೆ, ಯಾವುದರ ಕೊಳೆಯೋ. ಕನ್ನಡಿ ಗೋಡೆಗೆ ತಿರುಗಿದೆ: ನಿನಗೆ ನಿನ್ನ ಮುಖವೇ ಬೇಡವಾಗಿದೆ. ಹಿಂದೆ ಜೇಡ. ಇನ್ನೂ ಬಿಡಿಸಿ ಹೇಳಬೇಕೇ?

ಹದಿನಾರು ವರ್ಷ ನಿನ್ನ ದುಡಿಮೆಯನ್ನು ಉಂಡವರು ಇನ್ನೊಬ್ಬಳ ಹಿಂದೆ ಹೋಗುತ್ತಾರೆಂದರೆ ನನ್ನ ರಕ್ತ ಕುದಿಯುತ್ತದೆ. ನೀನು ಬಾಯಿ ಬಿಡುವವಳಲ್ಲ. ಅದಕ್ಕೆ ನಿನ್ನ ಪರವಾಗಿ ನಾನೇ ಭಾವನವರ ಆಫೀಸಿನ ವಿಳಾಸಕ್ಕೆ ಇವತ್ತು ಒಂದು ಕಾಗದ ಹಾಕಿದ್ದೇನೆ. ಮುಖಕ್ಕೆ ಹೊಡೆದ ಹಾಗೆ ಬರೆದಿದ್ದೇನೆ. ಕೋಪ ಮಾಡಿಕೊಳ್ಳಬೇಡ.

ನಿನ್ನ ಕಾಗದವನ್ನು ಪ್ರಬಂಧದ ಕೊನೆಗೆ ಅನುಬಂಧವಾಗಿ ಸೇರಿಸಬಹುದೇ ಎಂದು ಮೇಷ್ಟ್ರು ಕೇಳಿದರು. ಹೆಸರು ಹಾಕುವುದಿಲ್ಲ. ಯೋಚಿಸಿ ಹೇಳು.

ನಿನ್ನವಳೇ,
ಚೂಟಿ


ಆಗಸ್ಟ್ ೧೬

ತಂಗಿಯವರಿಗೆ,

ನಿಮ್ಮ ಕಾಗದ ತಲುಪಿತು. ನಮ್ಮ ಆಫೀಸಿನ ಸ್ಟೋರಿನಲ್ಲಿರುವ ಹುಡುಗಿ ಆಸ್ಪತ್ರೆಗೇ ತಂದುಕೊಟ್ಟಳು. ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತು ಓದಿದೆ.

ನನಗೆ ಕಾಗದ ಬರೆದು ಅಭ್ಯಾಸವಿಲ್ಲ. ದಿನಾ ಬರೆಯುವುದು ಲಿಫ್ಟಿನ ದಾಖಲೆ ಪುಸ್ತಕ ಮಾತ್ರ. ಅದರಲ್ಲಿ ದೂರು, ಕಾರಣ, ಮಾಡಿದ ಕೆಲಸ ಎಂದು ಮೂರು ಮನೆ ಇರುತ್ತವೆ. ನಿಮ್ಮ ದೂರಿಗೂ ಹಾಗೆಯೇ ಬರೆಯುತ್ತೇನೆ.

ನಾನು ನೆಲದ ಮೇಲೆ ಮಲಗುವುದು ನಿಜ. ಪರೀಕ್ಷೆಗೆಂದು ಎದೆಯಿಂದ ಚೂರು ತೆಗೆದ ಮೇಲೆ ನಿಮ್ಮ ಅಕ್ಕನಿಗೆ ನೋವಿತ್ತು. ನಿದ್ದೆಯಲ್ಲಿ ನನ್ನ ಕೈ ತಾಗಬಾರದು ಅಂತ ಹಾಗೆ ಮಲಗಿದೆ. ಪಾಳಿ ಹೆಚ್ಚು ಮಾಡಿದ್ದು ಆಪರೇಷನ್ನಿಗೆ ಹದಿನೈದು ದಿನ ರಜೆ ಕೂಡಿಸಲು. ಕೈ ತೊಳೆಯುವುದು ಗ್ರೀಸಿಗೆ. ಕನ್ನಡಿ ತಿರುಗಿಸಿದ್ದು ಅವಳು ಹೇಳಿದ್ದರಿಂದ. ಜೇಡವನ್ನು ನಾನೇ ಹೊರಗೆ ಬಿಟ್ಟೆ.

ಹನ್ನೊಂದನೇ ತಾರೀಖು ಆಪರೇಷನ್ ಆಯಿತು. ಎಡ ಎದೆಯನ್ನು ಪೂರ್ತಿ ತೆಗೆದಿದ್ದಾರೆ. ಅಂಗಿಗಳನ್ನು ಅವಳು ಮುಂಚೆಯೇ ಹೊಲಿದಿಟ್ಟುಕೊಂಡಿದ್ದಳು.

ಅವಳಿಗೆ ಬಂದ ನಿಮ್ಮ ಕಾಗದವನ್ನು ಹತ್ತನೇ ತಾರೀಖು, ಹಾಸಿಗೆಯಲ್ಲಿ ಓದಿದಳು. ಮೊದಲು ನಕ್ಕಳು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು. ಸಂಜೆತನಕ ತಿರುಗಲಿಲ್ಲ. “ಅವಳನ್ನ ಕರೀಲಾ?” ಅಂತ ಕೇಳಿದೆ. “ಅವಳು ಎಲ್ಲಾ ಓದಿದಾಳೆ, ಕೇಳೋದೊಂದು ಬಿಟ್ಟು” ಅಂದಳು.

ಮಿಷನ್ನಿನ ಡ್ರಾಯರಿನಲ್ಲಿ ಅವಳ ಕನ್ನಡಕ ಹುಡುಕುವಾಗ ಈ ಹಾಳೆ ಸಿಕ್ಕಿತು. ನಿಮ್ಮ ಹೆಸರಿತ್ತು. ಅವಳನ್ನು ಕೇಳದೆ ಕಳಿಸುತ್ತಿದ್ದೇನೆ. ತಪ್ಪಾದರೆ ತಪ್ಪು ನನ್ನದು.

ಇಂತಿ,
ನಿಮ್ಮ ಭಾವ


ಆಗಸ್ಟ್ ೨೪

ಅಕ್ಕ,

ಏನು ಬರೆಯಲಿ? ಐದು ದಿನದಿಂದ ಹಾಳೆ ಹರಿಯುತ್ತಲೇ ಇದ್ದೇನೆ. ಯಾವ ವಾಕ್ಯ ಬರೆದರೂ ಪ್ರಬಂಧದ ವಾಕ್ಯದ ಹಾಗೆ ಕಾಣುತ್ತದೆ. ನನ್ನ ಬಗ್ಗೆ ನನಗೆ ಹೇಸಿಗೆಯಾಗುತ್ತಿದೆ.

ನೀನು ಮೈ ಕೊಯ್ಯಿಸಿಕೊಳ್ಳಲು ತಯಾರಾಗಿ ಬಟ್ಟೆ ಹೊಲಿದುಕೊಳ್ಳುತ್ತಿದ್ದೆ. ನಾನು ಅದನ್ನು ಗೆಳತಿಯರ ಮುಂದೆ ಓದಿ ಚಪ್ಪಾಳೆ ಹೊಡೆಸಿಕೊಂಡೆ. ಎಡಭಾಗವೆಂದರೆ ಹೃದಯವಂತೆ! ಹೊಲಿಯುವವಳು ಅಂಗಿಯ ಎಡಭಾಗ ಬಿಚ್ಚಿದೆ ಎಂದರೆ ಅಂಗಿಯ ಎಡಭಾಗವನ್ನೇ ಬಿಚ್ಚಿರುತ್ತಾಳೆ ಅನ್ನುವಷ್ಟು ಬುದ್ಧಿ ನನಗಿರಲಿಲ್ಲ. ನೀನು ಹೂಂ ಅನ್ನುವ ಮೊದಲೇ ಟೈಪಿಗೆ ಕೊಟ್ಟಿದ್ದ ಅನುಬಂಧದ ಹಾಳೆಗಳನ್ನು ಟೈಪಿಸ್ಟಿನ ಕೈಯಿಂದ ಕಿತ್ತುಕೊಂಡು ಬಂದೆ. ಮೇಷ್ಟ್ರಿಗೆ ಕಾರಣ ಹೇಳಿದೆ. ಪರಿವಿಡಿಯಿಂದ ಅನುಬಂಧದ ಸಾಲನ್ನು ಅವರೇ ಹೊಡೆದುಹಾಕಿದರು.

ಭಾವನವರ ಕಾಗದದಲ್ಲಿ ಒಂದೇ ಒಂದು ಕೆಟ್ಟ ಮಾತಿಲ್ಲ. ಆದರೆ ನಾನು ಫ್ರಾಕು ಹಾಕುತ್ತಿದ್ದ ಕಾಲದಿಂದ ‘ನೀನು’ ಎಂದೇ ಕರೆದವರು ‘ನೀವು’ ಎಂದು ಬರೆದಿದ್ದಾರೆ. ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಯಾವ ಮುಖ ಹೊತ್ತು ಅವರ ಎದುರು ನಿಲ್ಲಲಿ?

ಈಗ ಕೇಳುತ್ತೇನೆ. ತಡವಾಗಿ ಕೇಳುತ್ತಿದ್ದೇನೆ. ನಿನಗೆ ನೋವಿದೆಯಾ? ಎಷ್ಟು ಹೊಲಿಗೆ ಹಾಕಿದ್ದಾರೆ? ಎಡಗೈ ಎತ್ತಲು ಬರುತ್ತದಾ? ಊಟ ಸೇರುತ್ತದಾ? ಡಾಕ್ಟರಮ್ಮ ಇನ್ನೇನು ಹೇಳಿದರು? ಹೆದರಿಕೆ ಇನ್ನೂ ಇದೆಯಾ? ನಿನ್ನ ತಲೆ ಯಾರು ಬಾಚುತ್ತಾರೆ?

ಬ್ಯಾಗು ತುಂಬಿಟ್ಟಿದ್ದೇನೆ. ಬರಲಾ? ‘ಬರಬೇಡ’ ಎಂದು ಒಂದು ಸಲ ಬರೆದಿದ್ದೀಯ. ಅದನ್ನು ‘ಬಾ’ ಎಂದು ಓದುವ ಧೈರ್ಯ ಇನ್ನು ನನಗಿಲ್ಲ. ನಾನು ಓದಿದ್ದೆಲ್ಲ ತಪ್ಪಾಗಿದೆ. ನೀನು ಏನು ಬರೆಯುತ್ತೀಯೋ ಅಷ್ಟನ್ನೇ ಮಾಡುತ್ತೇನೆ.

ಚೂಟಿ


ಸೆಪ್ಟೆಂಬರ್ ೨

ಚೂಟಿಗೆ,

ನಿಧಾನವಾಗಿ ಬರೆಯುತ್ತಿದ್ದೇನೆ, ಎಡಗೈಯಲ್ಲಿ ಹಾಳೆ ಅದುಮಿ ಹಿಡಿಯಲು ಬರುವುದಿಲ್ಲ. ಹಾಳೆ ಜಾರದ ಹಾಗೆ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟಿದ್ದೇನೆ. ತಣ್ಣಗಿನದು.

ನೀನು ಕೇಳಿದ ಸಾಲಿನಲ್ಲೇ ಹೇಳುತ್ತೇನೆ. ನೋವಿದೆ, ಬೆಳಗಿನ ಹೊತ್ತು ಹೆಚ್ಚು. ಹೊಲಿಗೆ ಇಪ್ಪತ್ತೆರಡು. ಡ್ರೆಸಿಂಗ್ ಮಾಡುವ ನರ್ಸಿಗೆ ಹೇಳಿದೆ, “ನನ್ನ ಅಂಗಡೀಲಿ ಹಿಂಗೆ ಹೊಲಿದಿದ್ರೆ ಗಿರಾಕಿ ಬಟ್ಟೆ ಮುಖಕ್ಕೆ ಎಸೀತಿದ್ರು” ಅಂತ. ಅವಳು ನಕ್ಕು ಕತ್ತರಿ ಬೀಳಿಸಿದಳು. ಎಡಗೈ ಭುಜದ ತನಕ ಏಳುತ್ತದೆ, ಅದರ ಮೇಲೆ ಇಲ್ಲ. ಊಟ ಸೇರುತ್ತದೆ.

ಡಾಕ್ಟರಮ್ಮ ಹೇಳಿದ್ದು: ಕಂಕುಳಿನ ಗಂಟುಗಳಿಗೂ ಹಬ್ಬಿತ್ತು. ಅವನ್ನೂ ತೆಗೆದಿದ್ದಾರೆ. ಎಲ್ಲಾ ಹೋಗಿದೆಯೇ ಎಂದು ಕೇಳಿದೆ. “ಔಷಧಿ ಕೊಟ್ಟು ನೋಡೋಣ” ಅಂದರು. ಹೌದು ಅನ್ನಲಿಲ್ಲ. ಹೆದರಿಕೆ ಇದೆ.

ಅಂಥ ಕಾಗದವನ್ನು ಭಾವನಿಗೆ ಬರೆಯಬಾರದಿತ್ತು ನೀನು. ಅದಕ್ಕೆ ನನಗೆ ಸಿಟ್ಟಿದೆ. ಅದು ಅವರ ಅಂಗಿಯ ಜೇಬಿನಲ್ಲೇ ಇತ್ತು, ಒಗೆಯಲು ಹಾಕುವಾಗ ಸಿಕ್ಕಿತು. ನಾಲ್ಕು ಮಡಿಕೆ ಮಾಡಿದ್ದರು. ನಾನು ಓದಲಿಲ್ಲ, ಒಲೆಗೆ ಹಾಕಿದೆ. ಅವರು ನೋಡಿ, ಅದೇ ಒಲೆಯ ಮೇಲೆ ಚಹಾಕ್ಕೆ ನೀರಿಟ್ಟರು.

ಆದರೆ ತಪ್ಪೆಲ್ಲ ನಿನ್ನದೇ ಅಂತ ನಾನು ಒಪ್ಪುವುದಿಲ್ಲ. ಕತ್ತರಿಯಪ್ಪನ ಹಾಗೆ ಬರೆ ಅಂದೆ ನೀನು, ನಾನೂ ಆಟಕ್ಕೆ ಬಿದ್ದೆ. ನಾನಾಗಿ ಹೇಳಬಾರದು, ನೀನಾಗಿ ತಿಳಿದುಕೊಳ್ಳಬೇಕು ಅಂತ ಹಟ. ಸುಳಿವು ಕೊಟ್ಟು ಕಾದು ಕೂತೆ. ಆ ನಲ್ಲಿ ರಿಪೇರಿಯ ಗಂಡಹೆಂಡಿರನ್ನು ನಾನು ಎಷ್ಟು ಚೆನ್ನಾಗಿ ಓದಿದ್ದೆ ನೋಡು! ಕಸೂತಿಯಮ್ಮನಾದರೆ ಅಷ್ಟು ಸಾಮಾನು ಹರಡಿಯಾದರೂ ನನಗೆ ದುಃಖವಾಗಿದೆ ಅಂತ ಕೂಗಿಕೊಳ್ಳುತ್ತಾಳೆ. ಅವಳನ್ನು ನಾನು ಸುಮ್ಮನೆ ಆಡಿಕೊಂಡೆ. ಪ್ರಬಂಧದಲ್ಲಿ ಅವಳಿಗೆ ಸ್ವಲ್ಪ ಹೆಚ್ಚು ಜಾಗ ಕೊಡು.

ತಲೆ ನಿನ್ನ ಭಾವ ಬಾಚುತ್ತಾರೆ. ಲಿಫ್ಟಿನ ತಂತಿ ಹೊಸೆದ ಕೈ, ಜಡೆ ಹಗ್ಗದ ಹಾಗಾಗುತ್ತದೆ. ಬೈತಲೆ ಒಂದು ದಿನವೂ ನೆಟ್ಟಗೆ ಬಂದಿಲ್ಲ. ನಿನ್ನೆ ನಿನ್ನ ಕಾಗದವನ್ನು ಅವರಿಗೆ ಓದಿ ಹೇಳಿದೆ. ಬಾಚುತ್ತಿದ್ದವರು ಕೈ ನಿಲ್ಲಿಸಿ, “ಯಾವ ಗಾಡಿ ಅಂತ ಬರಿಯೋಕೆ ಹೇಳು ಅವಳಿಗೆ. ಸ್ಟೇಷನ್ನಿಗೆ ಹೋಗ್ತೀನಿ. ಬ್ಯಾಗು ಹೊತ್ಕೊಂಡು ಒಬ್ಬಳೇ ಬರೋದು ಬೇಡ ಆ ಹುಡುಗಿ” ಅಂದರು.

ಔಷಧಿ ಹದಿನೆಂಟನೇ ತಾರೀಖು ಶುರು. ಎರಡನೇ ಸುತ್ತಿನ ಹೊತ್ತಿಗೆ ಕೂದಲು ಉಳಿಯುವುದಿಲ್ಲವಂತೆ. ನಿನ್ನ ಮೂವತ್ತನೇ ತಾರೀಖು ನನಗೆ ಚೆನ್ನಾಗಿ ನೆನಪಿದೆ. ಈಗ ಬಂದರೆ ಅದು ಕೈತಪ್ಪಬಹುದು ಅಂತಲೂ ಗೊತ್ತು. ಟೈಪಾಗದ ಹಾಳೆಗಳನ್ನು ತಂದರೆ ಅಂಗಡಿಯ ಮೇಜು ಖಾಲಿಯಿದೆ, ಇಲ್ಲೇ ಕೂತು ಬರೆಯಬಹುದು. ಆದರೆ ಮುಗಿದೀತು ಅಂತ ನಾನು ಮಾತು ಕೊಡಲಾರೆ. ಗೊತ್ತಿದ್ದೂ ಕರೆಯುತ್ತಿದ್ದೇನೆ. ಆಮೇಲೆ ಬೇಕಾದರೆ ಜಗಳವಾಡು.

ಕೂದಲು ಇರುವಾಗಲೇ ಒಂದು ಸಲ ನೀನು ನನ್ನ ತಲೆ ಬಾಚಬೇಕು, ಚಿಕ್ಕವಳಿದ್ದಾಗ ನಿನಗೆ ನಾನು ಬಾಚುತ್ತಿದ್ದ ಹಾಗೆ, ನೋವಾಗುವಷ್ಟು ಬಿಗಿಯಾಗಿ. ಕಪ್ಪು ಬಾಚಣಿಗೆ, ಎರಡು ಹಲ್ಲು ಮುರಿದಿದೆ, ಮಿಷನ್ನಿನ ಮೇಲೆ ಇಟ್ಟಿದ್ದೇನೆ.

ಬಾಚಣಿಗೆ ಅಂದರೆ ಬಾಚಣಿಗೆ. ಬಾ ಅಂದರೆ ಬಾ.

ನಿನ್ನ
ಅಕ್ಕ